ಆಜ್ಞೆ ಪಾಲಿಸಿದ ಮೇಲೂ ಉಳಿದ ಕಲೆ: ಗ್ರಂಥ, ವ್ಯಾಖ್ಯಾನ ಮತ್ತು ನೀತಿಯ ಆಧಾರ

ಶಾಲೆಗಳಲ್ಲಿ ನೈತಿಕ ಶಿಕ್ಷಣ ಬೇಕೆಂಬ ಮಾತು ಬಂದಾಗಲೆಲ್ಲ ಅದರ ಬೆನ್ನಿಗೇ ಇನ್ನೊಂದು ಮಾತು ಬರುತ್ತದೆ: ಧರ್ಮಗ್ರಂಥವನ್ನು ಬಿಟ್ಟರೆ ನೀತಿಗೆ ನೆಲೆಯಾದರೂ ಎಲ್ಲಿದೆ? 2022ರ ಮಾರ್ಚ್ ತಿಂಗಳಲ್ಲಿ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿಯವರೆಗೆ ಭಗವದ್ಗೀತೆಯನ್ನು ಕಲಿಸುವುದಾಗಿ ಪ್ರಕಟಿಸಿದ ಮೇಲೆ ಕರ್ನಾಟಕದಲ್ಲೂ ಈ ಚರ್ಚೆ ಕಾವೇರಿತು, ಇಂದಿಗೂ ಆರಿಲ್ಲ. ಈ ವಾದದ ಹಿಂದಿರುವ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ನೀತಿಯೆಂಬುದು ಅವರವರ ಇಷ್ಟಾನಿಷ್ಟಕ್ಕೆ ಬಿಟ್ಟ ಸಂಗತಿಯಾದರೆ ಕೊನೆಗೆ ಬಲವಿದ್ದವನ ಇಷ್ಟವೇ ಎಲ್ಲರ ನೀತಿಯಾಗುತ್ತದೆ. ಮನುಷ್ಯರ ಇಷ್ಟವನ್ನು ಮೀರಿದ, ಉಳ್ಳವರನ್ನೂ ಇಲ್ಲದವರನ್ನೂ ಒಂದೇ ರೀತಿ ಕಟ್ಟುವ ಆಧಾರವೊಂದು ಬೇಕೆಂಬ ಹಂಬಲದಿಂದಲೇ ಜನ ಗ್ರಂಥದ ಕಡೆಗೆ ತಿರುಗುತ್ತಾರೆ. ತೊಡಕು ಹುಟ್ಟುವುದು ಅದರ ಮುಂದಿನ ಹೆಜ್ಜೆಯಲ್ಲಿ. ಗ್ರಂಥ ಒಂದೇ ಆದರೂ ಅದನ್ನು ಓದಿದವರು ಒಂದೇ ಅರ್ಥಕ್ಕೆ ಬಂದಿಲ್ಲ.

ಮಲೆನಾಡಿನವರಿಗೆ ಈ ತೊಡಕು ಹೊಸದೂ ಅಲ್ಲ, ದೂರದ್ದೂ ಅಲ್ಲ. ತುಂಗೆಯ ದಡದ ಶೃಂಗೇರಿಯಲ್ಲಿ ಬ್ರಹ್ಮಸೂತ್ರಗಳಿಗೆ ಅದ್ವೈತದ ಅರ್ಥ. ಆಗುಂಬೆ ಘಾಟಿ ಇಳಿದು ಉಡುಪಿಗೆ ಹೋದರೆ ಅದೇ ಸೂತ್ರಗಳಿಗೆ ದ್ವೈತದ ಅರ್ಥ. ಹೊಸನಗರ ತಾಲ್ಲೂಕಿನ ಹೊಂಬುಜದಲ್ಲಿ ನೆಲೆ ನಿಂತಿರುವ ದಿಗಂಬರ ಪರಂಪರೆ ಸ್ತ್ರೀಗೆ ಅದೇ ಜನ್ಮದಲ್ಲಿ ಮೋಕ್ಷವಿಲ್ಲ ಎನ್ನುತ್ತದೆ. ಶ್ವೇತಾಂಬರರು ಉಂಟು ಎನ್ನುತ್ತಾರೆ. ಶಿವಮೊಗ್ಗದ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿ ಪಂಥವನ್ನು ಅನುಸರಿಸಿದರೆ, ಘಟ್ಟದ ಕೆಳಗಿನ ಭಟ್ಕಳದ ನವಾಯತರು ಶಾಫಿಗಳು. ಅಲ್ಲಮ ಹುಟ್ಟಿದನೆನ್ನುವ ಬಳ್ಳಿಗಾವಿಯೂ ಅಕ್ಕಮಹಾದೇವಿಯ ಉಡುತಡಿಯೂ ಶಿಕಾರಿಪುರ ತಾಲ್ಲೂಕಿನಲ್ಲಿಯೇ ಇವೆ. ಗ್ರಂಥಪ್ರಾಮಾಣ್ಯವನ್ನೇ ಪ್ರಶ್ನಿಸಿದ ಆ ಶರಣರ ಪರಂಪರೆಯಲ್ಲೂ ವಚನಗಳು ಮೊದಲೋ ಆಗಮಗಳು ಮೊದಲೋ ಎಂಬ ವಿವಾದ ಬೆಳೆದು, 2018ರಲ್ಲಿ ಲಿಂಗಾಯತ ಪ್ರತ್ಯೇಕ ಧರ್ಮದ ಬೇಡಿಕೆಯನ್ನು ಪರಿಶೀಲಿಸಿದ ನ್ಯಾಯಮೂರ್ತಿ ನಾಗಮೋಹನದಾಸ್ ಸಮಿತಿಯ ವರದಿಯ ಸುತ್ತ ಅದು ರಾಜ್ಯದ ರಾಜಕೀಯವನ್ನೇ ಕಲಕಿತು.

ಇವೆಲ್ಲ ತತ್ವದ ಭಿನ್ನತೆಗಳು, ನೀತಿಯ ವಿಷಯದಲ್ಲಿ ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ ಎಂಬ ಸಮಾಧಾನವನ್ನು ನಾವು ಆಗಾಗ ಕೇಳುತ್ತೇವೆ. ಅದು ಅರ್ಧ ಮಾತ್ರ ನಿಜ. ಸುಳ್ಳು ಹೇಳಬಾರದು, ಕದಿಯಬಾರದು, ಹೆತ್ತವರನ್ನು ನೋಡಿಕೊಳ್ಳಬೇಕು ಎಂಬಲ್ಲಿ ಒಮ್ಮತವಿದೆ. ಆದರೆ ಅವುಗಳನ್ನು ತಿಳಿಯಲು ಯಾರೂ ಗ್ರಂಥ ತೆರೆಯಬೇಕಾಗಿಲ್ಲ. ಗಂಡ ಸತ್ತವಳು ಮರುಮದುವೆಯಾಗಬಹುದೇ, ಗುಡಿಯೊಳಗೆ ಯಾರು ಕಾಲಿಡಬಹುದು, ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲೆಷ್ಟು, ಯಾವ ಯುದ್ಧ ನ್ಯಾಯದ್ದು ಎಂಬ ಪ್ರಶ್ನೆಗಳು ಬಂದಾಗ ಜನ ನಿಜವಾಗಿಯೂ ಗ್ರಂಥದ ಮೊರೆ ಹೋಗುತ್ತಾರೆ, ವ್ಯಾಖ್ಯಾನಕಾರರು ಬೇರೆಯಾಗುವುದೂ ಸರಿಯಾಗಿ ಅಲ್ಲಿಯೇ.

ಭಿನ್ನಾಭಿಪ್ರಾಯವಿದೆ ಎಂಬ ಒಂದೇ ಕಾರಣಕ್ಕೆ ಸತ್ಯವೇ ಇಲ್ಲ ಎಂದು ತೀರ್ಮಾನಿಸುವುದು ಅವಸರ. ಒಬ್ಬ ರೋಗಿಯ ಬಗ್ಗೆ ಇಬ್ಬರು ವೈದ್ಯರು ಬೇರೆ ಬೇರೆ ಹೇಳಿದ ಮಾತ್ರಕ್ಕೆ ಅವನಿಗೆ ರೋಗವಿಲ್ಲ ಎಂದಾಗುವುದಿಲ್ಲ. ಹಾಗಾಗಿ ವ್ಯಾಖ್ಯಾನಭೇದವನ್ನು ತೋರಿಸಿದ ಕೂಡಲೇ ದೇವರಿಲ್ಲ, ಧರ್ಮ ಸುಳ್ಳು, ನೀತಿಯೆಲ್ಲ ಕಲ್ಪನೆ ಎನ್ನುವವರ ವಾದವನ್ನು ನಾನು ಒಪ್ಪುವುದಿಲ್ಲ. ನಾನು ಕೇಳುತ್ತಿರುವುದು ಅದಕ್ಕಿಂತ ಕಿರಿದಾದ, ಆದರೆ ತಪ್ಪಿಸಿಕೊಳ್ಳಲಾಗದ ಪ್ರಶ್ನೆ. ವಸ್ತುನಿಷ್ಠ ನೀತಿಯೊಂದು ಇರುವುದೇ ನಿಜವಾದರೂ, ಎರಡು ವ್ಯಾಖ್ಯಾನಗಳು ಎದುರುಬದುರು ನಿಂತಾಗ ಯಾವುದು ಸರಿ ಎಂದು ಗ್ರಂಥವೇ ಹೇಳಬಲ್ಲುದೇ?

ಹೇಳಬಲ್ಲುದು ಎಂಬ ಪಕ್ಷವನ್ನು ಅತ್ಯಂತ ಶ್ರಮವಹಿಸಿ ಕಟ್ಟಿದವರು ವೇದವಾಕ್ಯಗಳ ಅರ್ಥನಿರ್ಣಯವನ್ನೇ ಶಾಸ್ತ್ರವಾಗಿ ಬೆಳೆಸಿದ ನಮ್ಮ ಮೀಮಾಂಸಕರು. ವೇದವನ್ನು ಯಾರೂ ಬರೆದಿಲ್ಲ, ದೇವರೂ ಬರೆದಿಲ್ಲ. ಆದ್ದರಿಂದ ಬರೆದವನ ರಾಗದ್ವೇಷಗಳು ಅದಕ್ಕೆ ಅಂಟಿಲ್ಲ. ಧರ್ಮವೆಂದರೆ ಅದರ ವಿಧಿವಾಕ್ಯಗಳು ಪ್ರೇರೇಪಿಸುವ ಕರ್ಮ ಎಂದು ಅವರು ವಾದಿಸಿದರು. ಮನುಷ್ಯನ ಇಷ್ಟದಿಂದ ನೀತಿಯನ್ನು ಬಿಡಿಸಲು ಇದಕ್ಕಿಂತ ಕಟ್ಟುನಿಟ್ಟಾದ ದಾರಿಯನ್ನು ಹುಡುಕುವುದು ಕಷ್ಟ. ಅರ್ಥಭೇದ ಬರುತ್ತದೆಂಬುದೂ ಅವರಿಗೆ ಗೊತ್ತಿತ್ತು. ಅದಕ್ಕಾಗಿಯೇ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳನ್ನು ಕ್ರಮವಾಗಿ ಇಟ್ಟು, ಅವುಗಳಲ್ಲಿ ವಿರೋಧ ಬಂದರೆ ಹಿಂದಿನದು ಪ್ರಬಲ, ಮುಂದಿನದು ದುರ್ಬಲ ಎಂದು ನಿಯಮಿಸಿದರು. ಇಷ್ಟು ಬಿಗಿಯಾದ ವ್ಯವಸ್ಥೆಯೊಳಗೇ ಕುಮಾರಿಲ ಮತ್ತು ಪ್ರಭಾಕರರ ಎರಡು ಪ್ರಸ್ಥಾನಗಳು ಹುಟ್ಟಿದವು. ನಿಯಮಗಳು ಕೆಲವು ಓದುಗಳನ್ನು ತಳ್ಳಿಹಾಕಿದವು; ಉಳಿದವುಗಳಲ್ಲಿ ಒಂದನ್ನು ಆರಿಸುವ ಕೆಲಸ ಓದುವವನಿಗೇ ಉಳಿಯಿತು.

ಆ ಆಯ್ಕೆ ಬದುಕಿನಲ್ಲಿ ಎಷ್ಟು ದುಬಾರಿಯಾಗಬಹುದೆಂಬುದಕ್ಕೆ ಪರಾಶರ ಸ್ಮೃತಿಯ ಒಂದು ಶ್ಲೋಕದ ಚರಿತ್ರೆಯೇ ಸಾಕು. ‘ನಷ್ಟೇ ಮೃತೇ ಪ್ರವ್ರಜಿತೇ ಕ್ಲೀಬೇ ಚ ಪತಿತೇ ಪತೌ’ ಎಂದು ಆರಂಭವಾಗುವ ಆ ಶ್ಲೋಕ, ಗಂಡ ಕಾಣೆಯಾದರೆ, ಸತ್ತರೆ, ಸನ್ಯಾಸಿಯಾದರೆ, ನಪುಂಸಕನಾದರೆ, ಪತಿತನಾದರೆ, ಈ ಐದು ಆಪತ್ತುಗಳಲ್ಲಿ ಸ್ತ್ರೀಗೆ ಇನ್ನೊಬ್ಬ ಪತಿ ವಿಹಿತ ಎನ್ನುತ್ತದೆ. ಕೇಳಿದರೆ ಸಂದಿಗ್ಧವೇನೂ ಇಲ್ಲ ಅನ್ನಿಸುತ್ತದೆ. ಆದರೆ 14ನೇ ಶತಮಾನದಲ್ಲಿ ಈ ಸ್ಮೃತಿಗೆ ದೊಡ್ಡ ವ್ಯಾಖ್ಯಾನ ಬರೆದ ಮಾಧವಾಚಾರ್ಯರು, ಶೃಂಗೇರಿಯ ವಿದ್ಯಾರಣ್ಯರೆಂದೇ ಸಂಪ್ರದಾಯ ಗುರುತಿಸುವ ಆ ಮಹಾ ವಿದ್ವಾಂಸರು, ಈ ಮರುಮದುವೆಯ ವಿಧಿ ಬೇರೆ ಯುಗಕ್ಕೆ ಸಂಬಂಧಿಸಿದ್ದು, ಕಲಿಯುಗಕ್ಕೆ ಅನ್ವಯಿಸುವುದಿಲ್ಲ ಎಂದು ಅರ್ಥ ಮಾಡಿದರು. ಮುಂದೆ 1855ರಲ್ಲಿ ಬಂಗಾಳದ ಈಶ್ವರಚಂದ್ರ ವಿದ್ಯಾಸಾಗರರು ಇದೇ ಶ್ಲೋಕವನ್ನು ಹಿಡಿದು ವಿಧವಾ ವಿವಾಹ ಶಾಸ್ತ್ರಸಮ್ಮತವೆಂದು ವಾದಿಸಿದರು. ಪರಾಶರ ಸ್ಮೃತಿ ಹೇಳಿದ್ದೇ ಕಲಿಯುಗಕ್ಕಾಗಿ; ಕಲಿಯುಗದ ಸ್ಮೃತಿಯೊಳಗೆ ಒಂದು ಶ್ಲೋಕ ಮಾತ್ರ ಬೇರೆ ಯುಗದ್ದು ಹೇಗಾದೀತು ಎಂಬುದು ಅವರ ಪ್ರಶ್ನೆ. ಅದೇ ಸ್ಮೃತಿ ವಿಧವೆಯ ಬ್ರಹ್ಮಚರ್ಯವನ್ನೂ ಸಹಗಮನವನ್ನೂ ಹೊಗಳುತ್ತದಲ್ಲ ಎಂದು ವಿರೋಧಿಗಳು ಎತ್ತಿ ತೋರಿಸಿದರು. ಮಾತುಕತೆಯಾಗಿ ಮದುವೆ ಇನ್ನೂ ಆಗಿರದ ವಾಗ್ದತ್ತ ಕನ್ಯೆಯರಿಗಷ್ಟೇ ಈ ವಿಧಿ ಎಂದವರೂ ಇದ್ದರು. 1856ರಲ್ಲಿ ವಿಧವಾ ಪುನರ್ವಿವಾಹ ಕಾಯ್ದೆ ಬಂತು.

ಈ ವಾದದಲ್ಲಿ ವ್ಯಾಕರಣದ, ತರ್ಕದ ಗೆಲುವು ಯಾರದೆಂದು ಪಂಡಿತರು ಇನ್ನೂ ಚರ್ಚಿಸಬಹುದು. ನನಗೆ ಮುಖ್ಯವಾಗಿ ಕಾಣುವುದು ಬೇರೆ. ಕೇವಲ ಯುಕ್ತಿಯಿಂದ ಹೇಳಿದರೆ ಈ ದೇಶದ ಜನ ಒಪ್ಪುವುದಿಲ್ಲ, ಶಾಸ್ತ್ರದ ಆಧಾರ ತೋರಿಸಲೇಬೇಕು ಎಂಬುದನ್ನು ವಿದ್ಯಾಸಾಗರರು ಮುಚ್ಚಿಡಲಿಲ್ಲ. ಅಂದರೆ ಎಳೆಯ ವಿಧವೆಯರ ಬದುಕನ್ನು ಕಂಡು ಅವರ ಮನಸ್ಸು ಮೊದಲು ತೀರ್ಮಾನಕ್ಕೆ ಬಂದಿತ್ತು; ಶ್ಲೋಕ ಆಮೇಲೆ ಸಿಕ್ಕಿತು. ಎದುರು ಪಕ್ಷದವರ ವಿಷಯದಲ್ಲೂ ನಡೆದದ್ದು ಇದೇ: ಬಳಕೆಯಲ್ಲಿದ್ದ ಆಚಾರವೇ ಸರಿ ಎಂಬ ತೀರ್ಮಾನ ಮೊದಲಿತ್ತು, ಶ್ಲೋಕದ ಅರ್ಥವನ್ನು ಅದಕ್ಕೆ ಹೊಂದಿಸಲಾಯಿತು. ಕಾಯ್ದೆ ಬಂದು ತಲೆಮಾರುಗಳೇ ಕಳೆದ ಮೇಲೂ ಮಲೆನಾಡಿನ ಅಗ್ರಹಾರಗಳಲ್ಲಿ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಒಲೆಯ ಮುಂದೆ ಕೂರಿಸಿದ ಮಡಿ ಅಜ್ಜಿಯರು ಇದ್ದರು. ಅವರಲ್ಲಿ ಎಷ್ಟೋ ಮಂದಿ ಗಂಡನ ಮುಖವನ್ನೇ ನೆಟ್ಟಗೆ ನೋಡಿರದ ಬಾಲವಿಧವೆಯರು. ಯುಗಾಂತರವೋ ಕಲಿಯುಗವೋ ಎಂಬ ಚರ್ಚೆಯಲ್ಲಿ ಅವರ ಮಾತನ್ನು ಯಾರೂ ಕೇಳಿರಲಿಲ್ಲ ಎಂಬುದು, ನನ್ನ ದೃಷ್ಟಿಯಲ್ಲಿ, ಆ ವ್ಯಾಖ್ಯಾನಗಳ ಅತಿ ದೊಡ್ಡ ಕೊರತೆ.

ಗ್ರಂಥದ ಆಜ್ಞೆಯೊಂದೇ ನೀತಿಯ ಆಧಾರವೇ ಎಂಬ ಪ್ರಶ್ನೆಯನ್ನು ನಮ್ಮ ನೆಲದ ಸ್ಥಳಪುರಾಣಗಳೂ ಎತ್ತಿವೆ. ಜಮದಗ್ನಿಯ ಆಜ್ಞೆಯಂತೆ ಪರಶುರಾಮ ತಾಯಿ ರೇಣುಕೆಯ ತಲೆ ಕಡಿದ ಕತೆ ಎಲ್ಲರಿಗೂ ಗೊತ್ತು. ಅದನ್ನು ಪಿತೃವಾಕ್ಯ ಪರಿಪಾಲನೆಯ ಮಾದರಿಯಾಗಿ ಹೇಳುವುದು ರೂಢಿ. ಆದರೆ ತೀರ್ಥಹಳ್ಳಿಯ ಜನ ಹೇಳುವ ಕತೆ ಅಲ್ಲಿಗೆ ನಿಲ್ಲುವುದಿಲ್ಲ. ತಾಯಿಯನ್ನು ಕೊಂದ ಕೊಡಲಿಯ ರಕ್ತದ ಕಲೆ ಎಲ್ಲಿ ತೊಳೆದರೂ ಹೋಗದೆ, ಕೊನೆಗೆ ತುಂಗೆಯಲ್ಲಿ ತೊಳೆದಾಗ ಹೋಯಿತು ಎನ್ನುತ್ತಾರೆ. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಸಾವಿರಾರು ಜನ ಅಲ್ಲಿ ಮೀಯುವುದು ಆ ನಂಬಿಕೆಯಿಂದ. ಈ ಕತೆಯನ್ನು ನಿಧಾನವಾಗಿ ಯೋಚಿಸಬೇಕು. ಆಜ್ಞೆ ಕೊಟ್ಟವನು ತಂದೆ, ಋಷಿ. ಪಾಲಿಸಿದವನು ವಿಷ್ಣುವಿನ ಅವತಾರ. ತಾಯಿ ವರದಿಂದ ಮತ್ತೆ ಬದುಕಿಯೂ ಬಂದಳು. ಆದರೂ ಕಲೆ ಉಳಿಯಿತು. ಆಜ್ಞೆಯೇ ನೀತಿಯನ್ನು ಹುಟ್ಟಿಸುವುದಾದರೆ ಆ ಕಲೆಗೆ ಕಾರಣವೇ ಇರಬಾರದಿತ್ತು. ಅಧಿಕಾರವುಳ್ಳವರ ಆಜ್ಞೆಯಿಂದಲೂ ಅಳಿಯದ ತಪ್ಪೊಂದಿದೆ ಎಂಬ ತಿಳಿವಳಿಕೆಯನ್ನು ಈ ಧಾರ್ಮಿಕ ಪರಂಪರೆಯೇ ತನ್ನ ಒಡಲಲ್ಲಿ ಇಟ್ಟುಕೊಂಡಿದೆ.

ಯಹೂದಿ, ಕ್ರೈಸ್ತ, ಇಸ್ಲಾಂ ಎಂಬ ಸೆಮೆಟಿಕ್ ಧರ್ಮಗಳಲ್ಲಿ ಇದಕ್ಕೆ ಹತ್ತಿರದ ಕತೆ, ದೇವರ ಆಜ್ಞೆಯಂತೆ ಮಗನನ್ನೇ ಬಲಿ ಕೊಡಲು ಹೊರಟ ಅಬ್ರಹಾಮನದು, ಮುಸ್ಲಿಮರ ಇಬ್ರಾಹಿಮರದು. ಬಲಿಗೆ ಕರೆದೊಯ್ದದ್ದು ಯಾವ ಮಗನನ್ನು ಎಂಬುದರಲ್ಲೂ ಪರಂಪರೆಗಳು ಬೇರೆಯಾಗುತ್ತವೆ: ಬೈಬಲ್ ಇಸಾಕ ಎನ್ನುತ್ತದೆ, ಮುಸ್ಲಿಂ ವ್ಯಾಖ್ಯಾನಕಾರರಲ್ಲಿ ಹೆಚ್ಚಿನವರು ಇಸ್ಮಾಯಿಲ್ ಎನ್ನುತ್ತಾರೆ. ಜರ್ಮನ್ ತತ್ವಜ್ಞಾನಿ ಕಾಂಟ್ 1798ರಲ್ಲಿ ಈ ಪ್ರಸಂಗದ ಬಗ್ಗೆ ಬರೆಯುತ್ತ, ಮಗನನ್ನು ಕೊಲ್ಲಬಾರದು ಎಂಬುದು ತಂದೆಗೆ ನಿಶ್ಚಿತ, ಆದರೆ ಕೇಳಿಸಿದ ದನಿ ದೇವರದೇ ಎಂಬುದು ಅಷ್ಟು ನಿಶ್ಚಿತವಲ್ಲ, ಆತ ಹಾಗೆಯೇ ಉತ್ತರಿಸಬೇಕಿತ್ತು ಎಂದ.

ರೇಣುಕೆಯ ಹೆಸರಿನಲ್ಲೇ ನಮ್ಮ ಶಿವಮೊಗ್ಗ ಜಿಲ್ಲೆ ಇನ್ನೊಂದು ಪರೀಕ್ಷೆಯನ್ನೂ ಎದುರಿಸಿದೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಹರಕೆ ಹೊತ್ತವರು ವರದಾ ನದಿಯಲ್ಲಿ ಮಿಂದು ಬೆತ್ತಲೆಯಾಗಿ ಬೆಟ್ಟದ ರೇಣುಕಾಂಬೆಯ ಗುಡಿಗೆ ಹೋಗುವ ಸೇವೆ ನಡೆಯುತ್ತಿತ್ತು. 1986ರ ಮಾರ್ಚ್‌ನಲ್ಲಿ ಅದನ್ನು ತಡೆಯಲು ಹೋದ ದಲಿತ ಸಂಘಟನೆಯ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆಯಾಯಿತು. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಭಕ್ತರ ಶ್ರದ್ಧೆ ಸುಳ್ಳಾಗಿರಲಿಲ್ಲ, ಮತ್ತು ನಗರದವರು ಬಂದು ಹಳ್ಳಿಯ ದೇವರ ವಿಷಯದಲ್ಲಿ ಕೈಯಿಕ್ಕುವುದೇಕೆ ಎಂಬ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿದ ಬುದ್ಧಿವಂತರೂ ಆಗ ಇದ್ದರು. ಆದರೆ ಆ ಸೇವೆಯ ಭಾರ ಬೀಳುತ್ತಿದ್ದುದು ಹೆಚ್ಚಾಗಿ ಬಡ, ಕೆಳಜಾತಿಯ ಹೆಣ್ಣುಮಕ್ಕಳ ಮೈಮೇಲೆ. ನೋಡಲು ನೆರೆಯುತ್ತಿದ್ದವರಿಗೆ ಆ ಭಾರವಿರಲಿಲ್ಲ. ಪುರಾಣವನ್ನು ಮತ್ತೆ ಮತ್ತೆ ಓದಿದ್ದರೆ ಈ ಅಸಮತೆ ಕಾಣುತ್ತಿರಲಿಲ್ಲ. ಅದು ಕಂಡದ್ದು ಅದನ್ನು ಹೊರುವವರ ಸಮುದಾಯದಿಂದಲೇ ಬಂದವರು ಎದ್ದುನಿಂತು ಮಾತಾಡಿದಾಗ.

ನ್ಯಾಯಾಲಯಗಳಿಗೆ ಈ ಕೆಲಸವನ್ನು ಒಪ್ಪಿಸಿದರೆ ವ್ಯಾಖ್ಯಾನದ ತೊಡಕು ತಪ್ಪುತ್ತದೆಯೇ? ಅನುಭವ ಹಾಗೆ ಹೇಳುವುದಿಲ್ಲ. 1954ರಲ್ಲಿ ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಒಂದು ಧರ್ಮದ ಅಗತ್ಯ ಭಾಗ ಯಾವುದೆಂಬುದನ್ನು ಮುಖ್ಯವಾಗಿ ಆ ಧರ್ಮದ ಸಿದ್ಧಾಂತಗಳಿಂದಲೇ ನಿರ್ಣಯಿಸಬೇಕು ಎಂದಿತು. ಆ ಮಾತಿನಿಂದ ಬೆಳೆದ ‘ಅಗತ್ಯ ಧಾರ್ಮಿಕ ಆಚರಣೆ’ಯ ತತ್ವ ನ್ಯಾಯಾಧೀಶರನ್ನೇ ವ್ಯಾಖ್ಯಾನಕಾರರ ಪೀಠದಲ್ಲಿ ಕೂರಿಸಿತು. 2017ರ ತ್ರಿವಳಿ ತಲಾಖ್ ತೀರ್ಪನ್ನು ನೋಡಿ. ಐವರು ನ್ಯಾಯಮೂರ್ತಿಗಳಲ್ಲಿ ಮೂವರು ಅದನ್ನು ತಳ್ಳಿಹಾಕಿದರು. ಆ ಮೂವರ ದಾರಿಯೂ ಒಂದಲ್ಲ. ಇಬ್ಬರು ಅದು ಮನಬಂದಂತೆ ಮದುವೆ ಮುರಿಯುವ ಕ್ರಮವಾದ್ದರಿಂದ ಸಂವಿಧಾನಕ್ಕೆ ವಿರುದ್ಧ ಎಂದರು. ಮೂರನೆಯವರಾದ ಕುರಿಯನ್ ಜೋಸೆಫ್ ಕುರಾನಿನ ವಚನಗಳನ್ನೇ ಓದಿ, ಕುರಾನಿನಲ್ಲಿ ಕೆಟ್ಟದ್ದೆಂದಾದದ್ದು ಶರಿಯತ್ತಿನಲ್ಲಿ ಒಳ್ಳೆಯದಾಗಲಾರದು ಎಂದರು. ಉಳಿದ ಇಬ್ಬರು, ಶತಮಾನಗಳಿಂದ ಹನಫಿ ಸುನ್ನಿಗಳ ನಂಬಿಕೆಯ ಭಾಗವಾಗಿರುವ ಅದನ್ನು ನ್ಯಾಯಾಲಯ ಮುಟ್ಟಲಾಗದು ಎಂದರು. ಅಹ್ಲೆ ಹದೀಸ್ ಪಂಥದವರು ಒಂದೇ ಉಸಿರಿನ ಮೂರು ತಲಾಖನ್ನು ಒಂದೆಂದೇ ಎಣಿಸುತ್ತ ಬಂದವರು. ಹೀಗೆ ಮಸೀದಿಯಲ್ಲಿದ್ದ ಭಿನ್ನತೆಯೇ ನ್ಯಾಯಪೀಠದ ಮೇಲೂ ಕಾಣಿಸಿತು. ಶಬರಿಮಲೆಯ ವಿಷಯದಲ್ಲಿ 2018ರಲ್ಲಿ ನಾಲ್ವರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ ನಿಂತರು.

ಹಿಜಾಬ್ ಪ್ರಕರಣ ನಮ್ಮ ಊರಿನ ಕಾಲೇಜುಗಳ ಅಂಗಳವನ್ನೇ ಕಲಕಿದ್ದು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟ್ ಹಿಜಾಬ್ ಇಸ್ಲಾಮಿನ ಅಗತ್ಯ ಆಚರಣೆಯಲ್ಲ ಎಂದು ಹೇಳಿತು; ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ವಿರುದ್ಧ ತೀರ್ಪು ಕೊಟ್ಟರು. ಹೈಕೋರ್ಟ್ ಅಗತ್ಯ ಆಚರಣೆಯ ಪ್ರಶ್ನೆಗೆ ಇಳಿಯಬೇಕಾಗಿಯೇ ಇರಲಿಲ್ಲ, ಇದು ಆ ಹುಡುಗಿಯ ಆಯ್ಕೆಯ ಮತ್ತು ಶಿಕ್ಷಣದ ಪ್ರಶ್ನೆ ಎಂದ, ಆ ಇಬ್ಬರಲ್ಲಿ ಒಬ್ಬರಾದ ಸುಧಾಂಶು ಧೂಲಿಯಾ ಅವರ ಮಾತು ನನಗೆ ಈ ಇಡೀ ಚರ್ಚೆಯಲ್ಲಿ ಹೆಚ್ಚು ತೂಕದ್ದೆನಿಸುತ್ತದೆ. ಗ್ರಂಥ ಏನು ಹೇಳುತ್ತದೆ ಎಂಬುದರಿಂದ ಕಣ್ಣೆತ್ತಿ, ನಿರ್ಣಯದ ಫಲವನ್ನು ಉಣ್ಣುವವರು ಯಾರು ಎಂದು ನೋಡಿದ ಮಾತು ಅದು.

ಹಾಗಿದ್ದರೆ ಧರ್ಮವನ್ನು ಬದಿಗಿಟ್ಟು ಬುದ್ಧಿಯೊಂದನ್ನೇ ನಂಬಿದರೆ ನೀತಿ ಗಟ್ಟಿಯಾಗುತ್ತದೆಯೇ? ವಿಚಾರವಾದಿ ಗೆಳೆಯರಿಗೆ ಇಷ್ಟವಾಗದ ಒಂದು ಚರಿತ್ರೆಯನ್ನು ಇಲ್ಲಿ ನೆನೆಯಬೇಕು. 20ನೇ ಶತಮಾನದ ಆರಂಭದಲ್ಲಿ ‘ಸುಪ್ರಜನನ’ವೆಂಬ ಹೆಸರಿನಲ್ಲಿ, ವಿಜ್ಞಾನವೇ ಹೇಳಿತೆಂಬ ವಿಶ್ವಾಸದಿಂದ, ದುರ್ಬಲರೆಂದು ಗುರುತಿಸಿದವರಿಗೆ ಬಲವಂತದ ಸಂತಾನಹರಣ ಮಾಡುವ ಕಾನೂನುಗಳು ಬಂದವು. ಅಮೆರಿಕದ ಇಂಡಿಯಾನಾ ರಾಜ್ಯ 1907ರಲ್ಲಿ ಅಂಥ ಕಾನೂನು ಮಾಡಿತು. 1927ರಲ್ಲಿ ಆ ದೇಶದ ಸುಪ್ರೀಂ ಕೋರ್ಟ್ ವರ್ಜೀನಿಯಾ ರಾಜ್ಯದ ಅಂಥದೇ ಕಾನೂನನ್ನು ಎತ್ತಿಹಿಡಿಯಿತು. ವಿದ್ಯಾವಂತರ ದೊಡ್ಡ ವರ್ಗವೇ ಅದನ್ನು ಪ್ರಗತಿಯೆಂದು ಕಂಡಾಗ, ಅದು ತಪ್ಪೆಂದು ಬಲವಾಗಿ ಹೇಳಿದವರಲ್ಲಿ ಕ್ಯಾಥೊಲಿಕ್ ಚರ್ಚ್ ಪ್ರಮುಖವಾದದ್ದು. 1930ರ ಕೊನೆಯಲ್ಲಿ ಪೋಪ್ 11ನೇ ಪಯಸ್ ಅದನ್ನು ಖಂಡಿಸಿ ಪತ್ರ ಹೊರಡಿಸಿದರು. ಕಾಲದ ಬುದ್ಧಿಯೆಲ್ಲ ಒಂದು ಕಡೆ ವಾಲಿದಾಗ ಅದಕ್ಕೆ ಎದುರು ನಿಲ್ಲುವ ಧೈರ್ಯವನ್ನು ಧರ್ಮ ಕೊಡಬಲ್ಲುದು. ಅದೇ ಕ್ರೈಸ್ತ ಪರಂಪರೆಯೊಳಗೆ ಇದರ ತದ್ವಿರುದ್ಧವೂ ನಡೆದಿದೆ: ಗುಲಾಮಗಿರಿಯ ಪ್ರಶ್ನೆಯ ಮೇಲೆ ಬೇರೆಯಾಗಿ 1845ರಲ್ಲಿ ಸ್ಥಾಪನೆಯಾದ ಅಮೆರಿಕದ ದಕ್ಷಿಣದ ಬ್ಯಾಪ್ಟಿಸ್ಟರ ಸಂಘ, ಬೈಬಲಿನ ಆಧಾರದಿಂದಲೇ ಗುಲಾಮಗಿರಿಯನ್ನು ಸಮರ್ಥಿಸಿದವರ ಸಂಘ, 150 ವರ್ಷಗಳ ಬಳಿಕ 1995ರಲ್ಲಿ ಕ್ಷಮೆ ಕೇಳಿತು. ಆ 150 ವರ್ಷಗಳಲ್ಲಿ ಬೈಬಲಿನ ಒಂದು ಸಾಲೂ ಬದಲಾಗಿರಲಿಲ್ಲ.

ಹಾಗಾದರೆ ಬದಲಾದದ್ದು ಯಾವುದು? ಇದಕ್ಕೆ ಉತ್ತರ ಹುಡುಕುವಾಗ ನನಗೆ ಸಾಗರ ತಾಲ್ಲೂಕಿನ ಕಾಗೋಡು ನೆನಪಾಗುತ್ತದೆ. ಅಲ್ಲಿ ಗೇಣಿದಾರರು ಭೂಒಡೆಯರ ವಿರುದ್ಧ ನಡೆಸಿದ 1951ರ ಸತ್ಯಾಗ್ರಹದಲ್ಲಿ ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರವೇ ತಕರಾರಿನ ಒಂದು ಮೂಲವಾಗಿತ್ತು. ಕೊಳಗವನ್ನು ದೇವರು ಮಾಡಿಕೊಟ್ಟಿರಲಿಲ್ಲ, ಮನುಷ್ಯರೇ ಮಾಡಿದ್ದರು. ಆದರೂ ಕೊಡುವಾಗ ಒಂದು, ಕೊಳ್ಳುವಾಗ ಇನ್ನೊಂದು ಅಳತೆ ಬಳಸಿದರೆ ಅದು ಮೋಸ ಎಂಬುದು ಯಾರ ಅಭಿಪ್ರಾಯವನ್ನೂ ಅವಲಂಬಿಸಿರಲಿಲ್ಲ; ಒಡೆಯನಿಗೂ ಅದು ತಿಳಿದೇ ಇತ್ತು. ನೀತಿಯ ವಸ್ತುನಿಷ್ಠತೆಯನ್ನು ನಾನು ಕಾಣುವುದು ಇಂಥ ಕಡೆ: ತನಗೆ ಹಾಕಿಕೊಳ್ಳಲು ಒಪ್ಪದ ಅಳತೆಯನ್ನು ಇನ್ನೊಬ್ಬರಿಗೆ ಹಾಕಬಾರದು, ಮತ್ತು ಭಾರ ಹೊರುವವರ ಮಾತನ್ನು ಕೇಳದೆ ಭಾರವನ್ನು ನಿರ್ಣಯಿಸಬಾರದು. ಅಮೆರಿಕದಲ್ಲೂ ಚಂದ್ರಗುತ್ತಿಯಲ್ಲೂ ಬದಲಾದದ್ದು ಇದು. ಮೊದಲು ಲೆಕ್ಕಕ್ಕೆ ಇರದವರು ಲೆಕ್ಕಕ್ಕೆ ಬಂದರು.

ಇದು ಧರ್ಮಕ್ಕೆ ಹೊರಗಿನಿಂದ ತಂದ ಅಳತೆ ಎಂದು ಆಸ್ತಿಕರು ಆಕ್ಷೇಪಿಸಬಹುದು. ಹಾಗೇನೂ ಇಲ್ಲ. ಮನುಸ್ಮೃತಿಯೇ ಧರ್ಮದ ಲಕ್ಷಣಗಳನ್ನು ಹೇಳುವಾಗ ವೇದ, ಸ್ಮೃತಿ, ಸದಾಚಾರಗಳ ಜೊತೆಗೆ ‘ಸ್ವಸ್ಯ ಚ ಪ್ರಿಯಮಾತ್ಮನಃ’ ಎಂದು ಅಂತರಂಗದ ಒಪ್ಪಿಗೆಯನ್ನು ನಾಲ್ಕನೆಯದಾಗಿ ಸೇರಿಸುತ್ತದೆ. ಯುಕ್ತಿಯಿಲ್ಲದೆ ಕೇವಲ ಶಾಸ್ತ್ರವನ್ನು ಹಿಡಿದು ನಿರ್ಣಯಿಸಿದರೆ ಧರ್ಮಹಾನಿಯಾಗುತ್ತದೆ ಎಂಬ ಮಾತು ಬೃಹಸ್ಪತಿಯ ಹೆಸರಿನಲ್ಲಿದೆ. ಯಕ್ಷಪ್ರಶ್ನೆಯಲ್ಲಿ ಧರ್ಮರಾಯ, ಶ್ರುತಿಗಳು ಬೇರೆ ಬೇರೆ, ಯಾರ ಮತವೇ ಪ್ರಮಾಣವೆನ್ನಲು ಅಂಥ ಒಬ್ಬ ಮುನಿಯೂ ಇಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಗ್ರಂಥದಲ್ಲಿ ಎಲ್ಲಕ್ಕೂ ಸಿದ್ಧ ಉತ್ತರವಿದೆ ಎಂಬ ಹೇಳಿಕೆ ಗ್ರಂಥಗಳು ತಮ್ಮ ಬಗ್ಗೆ ಹೇಳಿಕೊಂಡದ್ದಕ್ಕಿಂತ ದೊಡ್ಡದು. ಒಂದು ವ್ಯಾಖ್ಯಾನವನ್ನು ಆರಿಸಿದವನು ಆ ಆಯ್ಕೆಯ ಹೊಣೆಯನ್ನು ಗ್ರಂಥದ ಮೇಲೆ ಹೊರಿಸಿ ತಾನು ಹಿಂದೆ ಸರಿಯಲಾಗದು.

ನೈತಿಕ ಶಿಕ್ಷಣದ ಪ್ರಶ್ನೆಗೆ ಇದು ನೇರವಾಗಿ ತಾಗುತ್ತದೆ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ, ನಾಲ್ಕು ವೇದ, ವ್ಯಾಕರಣಗಳು, ನ್ಯಾಯ ಮೀಮಾಂಸೆಗಳ ಜೊತೆಗೆ ಬೌದ್ಧ ದರ್ಶನವನ್ನೂ ಅಲ್ಲಿ ವಿವರಿಸುತ್ತಿದ್ದರೆಂದು ಹೇಳುತ್ತದೆ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧಿಯಿತ್ತು. ಅದು ಕಾಳಾಮುಖ ಶೈವರ ಮಠ. ತಮ್ಮ ಮತವನ್ನು ಬಿಡದೆಯೇ ಎದುರು ಮತವನ್ನು ಪಾಠ ಮಾಡಲು ಅವರಿಗೆ ಸಾಧ್ಯವಾಗಿತ್ತು. ನಮ್ಮ ಶಾಲೆಗಳಲ್ಲಿ ಗೀತೆಯನ್ನು ಕಲಿಸುವುದಾದರೆ, 1920ರಲ್ಲಿ ತಿಲಕರು ಮತ್ತು ಗಾಂಧೀಜಿ ಅದರ ಮೇಲೆ ನಡೆಸಿದ ವಾದವನ್ನೂ ಕಲಿಸಬೇಕು. ರಾಜಕಾರಣ ಸಾಧುಗಳ ಆಟವಲ್ಲ ಎಂದ ತಿಲಕರು, ಯಾರು ನನ್ನನ್ನು ಹೇಗೆ ಸೇರುತ್ತಾರೋ ಅವರನ್ನು ಹಾಗೆಯೇ ಕಾಣುತ್ತೇನೆ ಎಂಬ ಕೃಷ್ಣನ ಮಾತನ್ನು ಮುಂದಿಟ್ಟರು. ಅದರಿಂದ ಪ್ರತೀಕಾರಕ್ಕೆ ಸಮರ್ಥನೆ ಸಿಗದು, ಕೋಪವನ್ನು ಅಕ್ರೋಧದಿಂದಲೇ ಗೆಲ್ಲಬೇಕು ಎಂಬುದು ಗಾಂಧೀಜಿಯ ಉತ್ತರ. ಇಬ್ಬರೂ ಗೀತೆಯನ್ನು ಬದುಕಿನುದ್ದಕ್ಕೂ ಓದಿದವರು, ಇಬ್ಬರೂ ಅದಕ್ಕಾಗಿ ಜೈಲಿನ ದಿನಗಳನ್ನು ಮುಡಿಪಿಟ್ಟವರು.

ಮಕ್ಕಳಿಗೆ ಇಷ್ಟು ಗೊಂದಲ ಬೇಡ, ಒಂದೇ ಅರ್ಥ ಸಾಕು ಎನ್ನುವ ಶಿಕ್ಷಕರಿದ್ದಾರೆ. ಆರನೇ ತರಗತಿಯ ಮಟ್ಟಿಗೆ ಆ ಮಾತಿನಲ್ಲಿ ಹುರುಳಿದೆ. ಪ್ರೌಢಶಾಲೆಗೆ ಬಂದವರ ಬಗ್ಗೆ ಹಾಗೆ ಹೇಳಲಾರೆ. ಕಾನೂನೂ ಇಲ್ಲಿ ಸ್ಪಷ್ಟವಾಗಿದೆ. ಸಂವಿಧಾನದ 28ನೇ ವಿಧಿಯ ಮೊದಲ ಭಾಗ, ಪೂರ್ತಿಯಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆಯನ್ನು ನಿಷೇಧಿಸುತ್ತದೆ. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಆ ನಿಷೇಧದೊಳಗೆ ಬರುವುದಿಲ್ಲ ಎಂದಿತು. ಪಠ್ಯಪುಸ್ತಕವೊಂದು ಒಂದೇ ವ್ಯಾಖ್ಯಾನವನ್ನು ಗ್ರಂಥದ ಅರ್ಥವೆಂದು ಕೊಟ್ಟು, ಪರೀಕ್ಷೆಯಲ್ಲಿ ಅದಕ್ಕೇ ಅಂಕ ಕೊಟ್ಟರೆ ಸರ್ಕಾರವೇ ಭಾಷ್ಯಕಾರನ ಸ್ಥಾನದಲ್ಲಿ ಕೂತಂತಾಗುತ್ತದೆ, ಮತ್ತು ಅಲ್ಲಿ ನಡೆಯುವುದು ಬೋಧನೆಯೇ ಹೊರತು ತಿಳಿಸಿಕೊಡುವುದಲ್ಲ. ಪರಾಶರನ ಶ್ಲೋಕದ ಪಕ್ಕದಲ್ಲಿ ಮಾಧವಾಚಾರ್ಯರ ಅರ್ಥವನ್ನೂ ವಿದ್ಯಾಸಾಗರರ ಅರ್ಥವನ್ನೂ ಅಚ್ಚು ಮಾಡಿ, ಆ ಅರ್ಥಗಳ ಕೆಳಗೆ ಬದುಕಿದ ಹೆಂಗಸರ ಸಂಗತಿಯನ್ನೂ ಸೇರಿಸಿದ ಪಾಠ ಈ ಗೆರೆಯ ಸರಿಯಾದ ಬದಿಯಲ್ಲಿರುತ್ತದೆ.